ಹೊಸ ಕೀಲು, ಹಳೆಯ ಜಿಮ್

ಓದುಗ ಸಹೋದರಿಯೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಊರು, ಹೆಸರು ಹಾಕಬಾರದೆಂದು ಕೋರಿದ್ದಾರೆ. ವಯಸ್ಸು ನಲವತ್ತೇಳು. ನಾಲ್ಕು ತಿಂಗಳ ಹಿಂದೆ ಅವರ ಬಲಗಡೆಯ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸಿದ್ದಾರೆ. ಅದಕ್ಕೂ ಮೊದಲು ಮೂರು ವರ್ಷ ಮನೆ ಹತ್ತಿರದ ಜಿಮ್‌ಗೆ, ಮಹಿಳೆಯರಿಗೆಂದೇ ಇಟ್ಟಿರುವ ಹೊತ್ತಿನಲ್ಲಿ ಹೋಗಿ ವ್ಯಾಯಾಮ ಮಾಡುತ್ತಿದ್ದರು. ಈಗ ಮತ್ತೆ ಹೋಗಬೇಕೆಂಬ ಆಸೆ. “ಅತ್ತೆ ನೀರಿನ ಬಕೆಟ್ ಮುಟ್ಟಲೂ ಬಿಡುವುದಿಲ್ಲ. ಇಷ್ಟೊಂದು ಖರ್ಚು ಮಾಡಿ ಹಾಕಿಸಿದ ಕೀಲು ಸವೆದು ಹೋದರೆ ಏನು ಗತಿ ಎಂದು ಇವರು ಹೇಳುತ್ತಾರೆ. ಜಿಮ್‌ನವರು ಮಾತ್ರ, ಬನ್ನಿ ಮೇಡಂ, ಎರಡೇ ತಿಂಗಳಲ್ಲಿ ಮೊದಲಿನಂತೆ ಮಾಡಿಬಿಡುತ್ತೇವೆ ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ?” ಎಂದು ಅವರು ಕೇಳಿದ್ದಾರೆ.

ನಾನು ಡಾಕ್ಟರಲ್ಲ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮಾಡಿ, ಮಕ್ಕಳಿಗೆ ಪಾಠ ಹೇಳಿಕೊಂಡಿರುವವಳು. ಆದರೂ ಈ ಪತ್ರಕ್ಕೆ ಉತ್ತರ ಬರೆಯುವ ಧೈರ್ಯ ಮಾಡಿದ್ದೇನೆ. ಕಾರಣ ನನ್ನ ಆಪಾ. ಪತ್ರದಲ್ಲಿರುವ ಎರಡೂ ಮಾತುಗಳು ನಮ್ಮ ಮನೆಯಲ್ಲಿ ನಡೆದುಹೋಗಿವೆ. ಎರಡರಿಂದಲೂ ಆಪಾ ಕಷ್ಟಪಟ್ಟರು. ಅದರಲ್ಲಿ ಮೊದಲನೆಯ ತಪ್ಪು ಮಾಡಿದವಳು ನಾನೇ.

ಆಪಾ ನನಗಿಂತ ಐದು ವರ್ಷಕ್ಕೆ ದೊಡ್ಡವರು. ಶಿವಮೊಗ್ಗದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಭಾವ ತೀರಿಕೊಂಡ ಮೇಲೆ ಮನೆಯಲ್ಲೇ ಹೊಲಿಗೆ ಮಾಡಿ ಮಗನನ್ನು ಓದಿಸಿದರು. ದಿನವಿಡೀ ಕುಳಿತು ಮಾಡುವ ಕೆಲಸ. 2017ರಲ್ಲಿ ಸಕ್ಕರೆ ಕಾಯಿಲೆ ಬಂತು. ಡಾಕ್ಟರರು ಮಾತ್ರೆಯ ಜೊತೆ ವ್ಯಾಯಾಮವನ್ನೂ ಬರೆದುಕೊಟ್ಟರು. ಆಪಾ ಒಂದು ದಿನ ಯಾರಿಗೂ ಹೇಳದೆ ಹೋಗಿ ಜಿಮ್‌ಗೆ ಹೆಸರು ಕೊಟ್ಟು ಬಂದರು. “ಈ ವಯಸ್ಸಿನಲ್ಲಿ ಜಿಮ್ಮಾ?” ಎಂದು ನೆಂಟರೆಲ್ಲ ನಕ್ಕಿದ್ದರು. ಒಂದೂವರೆ ವರ್ಷದಲ್ಲಿ ಅವರ ಮೂರು ತಿಂಗಳ ಸರಾಸರಿ ಸಕ್ಕರೆ 8.9ರಿಂದ 6.7ಕ್ಕೆ ಇಳಿದಾಗ ನಗು ನಿಂತಿತು. ಆಪಾ ಪಾಲಿಗೆ ಜಿಮ್ ಶೋಕಿಯಾಗಿರಲಿಲ್ಲ, ಅದೂ ಒಂದು ಔಷಧಿಯಾಗಿತ್ತು.

2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಹತ್ತು ದಿನ ಆಸ್ಪತ್ರೆ, ಆಕ್ಸಿಜನ್, ಸ್ಟೀರಾಯ್ಡ್. ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಸ್ಟೀರಾಯ್ಡ್ ಜೀವ ಉಳಿಸುತ್ತದೆಂದು 2020ರಲ್ಲೇ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರಿಂದ ಖಚಿತವಾಗಿತ್ತು. ಆಪಾ ಉಳಿದದ್ದರಲ್ಲೂ ಅದರ ಪಾಲಿದೆ. ಹಾಗಾಗಿ ಔಷಧಿಯನ್ನು ದೂರುವುದು ಸರಿಯಲ್ಲ. ಆದರೆ ಕೆಲವರಲ್ಲಿ ಸ್ಟೀರಾಯ್ಡ್‌ನಿಂದಾಗಿ ತೊಡೆಮೂಳೆಯ ತಲೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ರಕ್ತ ಸಿಗದ ಮೂಳೆ ಒಳಗಿಂದೊಳಗೇ ಸತ್ತು, ಕೊನೆಗೆ ಕುಸಿಯುತ್ತದೆ. ಇದನ್ನು ಅವಾಸ್ಕ್ಯುಲರ್ ನೆಕ್ರೋಸಿಸ್ ಎನ್ನುತ್ತಾರೆ. ಕೋವಿಡ್‌ನಿಂದ ಗುಣವಾದವರಲ್ಲಿ ಇದು ಕಾಣಿಸಿಕೊಳ್ಳುತ್ತಿದೆಯೆಂದು 2021ರಲ್ಲೇ ಮುಂಬೈಯ ವೈದ್ಯರು ಹೇಳಿದ್ದರು. ನಮಗೆ ಅದೆಲ್ಲ ಗೊತ್ತಾದದ್ದು ಆಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಸೊಂಟ ಎಂದಾಗ ಕೈ ಬೆನ್ನಿನ ಕೆಳಭಾಗಕ್ಕೆ ಹೋಗುತ್ತದೆ. ಆದರೆ ಸೊಂಟದ ಕೀಲು ಇರುವುದು ಅಲ್ಲಲ್ಲ. ತೊಡೆಮೂಳೆಯ ತುದಿಯ ಗುಂಡು, ಕಟಿಮೂಳೆಯ ಬಟ್ಟಲಿನಲ್ಲಿ ಕುಳಿತಿರುವ ಜಾಗವೇ ಆ ಕೀಲು. ಅದು ಕೆಟ್ಟಾಗ ನೋವು ಹೆಚ್ಚಾಗಿ ಕಾಣಿಸುವುದು ತೊಡೆಸಂದಿನಲ್ಲಿ. ಕೆಲವೊಮ್ಮೆ ಮೊಣಕಾಲಿನವರೆಗೂ ಇಳಿಯುತ್ತದೆ. ಆಪಾಗೆ 2022ರ ಆರಂಭದಲ್ಲಿ ತೊಡೆಸಂದು ನೋಯತೊಡಗಿತು. ನಾಚಿಕೆಯಿಂದ ಅವರು “ಸೊಂಟ ನೋವು” ಎಂದರು. ನಾವು ಆರು ತಿಂಗಳು ಬೆನ್ನಿಗೆ ಎಣ್ಣೆ ತಿಕ್ಕಿದೆವು. ಎಂ.ಆರ್.ಐ. ಮಾಡಿಸುವ ಹೊತ್ತಿಗೆ ಎಡಗಡೆಯ ಗುಂಡು ಕುಸಿದಾಗಿತ್ತು. ಮೊದಲೇ ಹೋಗಿದ್ದರೆ ಬೇರೆ ದಾರಿಗಳಿದ್ದವೇನೋ. ತೊಡೆಸಂದು ನೋಯುತ್ತಿದ್ದರೆ ತೊಡೆಸಂದು ಎಂದೇ ಡಾಕ್ಟರರಿಗೆ ಹೇಳಿ ಸಹೋದರಿಯರೇ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

2023ರ ಫೆಬ್ರವರಿ ಮಧ್ಯದಲ್ಲಿ ಆಪರೇಷನ್ ಆಯಿತು. ಕೆಟ್ಟ ಗುಂಡನ್ನು ಕತ್ತರಿಸಿ ತೆಗೆದು, ತೊಡೆಮೂಳೆಯ ಒಳಗೆ ಲೋಹದ ಕಂಬ ಇಳಿಸಿ, ಅದರ ತಲೆಗೆ ಹೊಸ ಗುಂಡು ಕೂರಿಸಿದರು. ಆ ಕಡೆ ಲೋಹದ ಬಟ್ಟಲು, ಅದರೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪದರ. ಈಗಿನ ಮಾದರಿಯ ಈ ಶಸ್ತ್ರಚಿಕಿತ್ಸೆಗೆ ತಳಹದಿ ಹಾಕಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಅದು 1962ರ ಮಾತು. ಆಗೆಲ್ಲ ರೋಗಿ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಆಪಾರನ್ನು ಮರುದಿನವೇ ವಾಕರ್ ಹಿಡಿಸಿ ಎಬ್ಬಿಸಿ ನಿಲ್ಲಿಸಿದರು. ನಾನು ಹೌಹಾರಿ ನರ್ಸಿಗೆ ಬೈಯಲು ಹೋಗಿದ್ದೆ. ಮಲಗಿದ್ದರೇ ಅಪಾಯ, ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಆಕೆ ಸಮಾಧಾನದಿಂದ ಹೇಳಿದಳು. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮವನ್ನು ಆಪಾ ಅರಿವಳಿಕೆಯ ಮಂಪರು ಇಳಿಯುತ್ತಿದ್ದಂತೆಯೇ ಶುರು ಮಾಡಿದ್ದರು.

ಆಪಾಗೆ ಕೊಯ್ದದ್ದು ಪೃಷ್ಠದ ಕಡೆಯಿಂದ, ಅಂದರೆ ಹಿಂಬದಿಯಿಂದ. ಹಾಗೆ ಕೊಯ್ದವರಿಗೆ ಮೊದಲ ಆರರಿಂದ ಹನ್ನೆರಡು ವಾರ ಮೂರು ನಿಷೇಧಗಳನ್ನು ಹೇಳುವುದು ವಾಡಿಕೆ. ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಆಪರೇಷನ್ ಆದ ಕಾಲಿನ ಬೆರಳುಗಳನ್ನು ಒಳಮುಖವಾಗಿ ತಿರುಗಿಸಬಾರದು. ಮೂರೂ ಸೇರಿದರೆ ಗುಂಡು ಬಟ್ಟಲಿನಿಂದ ಹಿಂದಕ್ಕೆ ಜಾರಿಬಿಡಬಹುದು. ಮುಂಬದಿಯಿಂದ ಕೊಯ್ದವರಿಗೆ ನಿಯಮ ಬೇರೆ. ಅವರು ಕಾಲನ್ನು ಹಿಂದಕ್ಕೆ ಚಾಚಿ ಹೊರಮುಖವಾಗಿ ತಿರುಗಿಸುವುದರ ಬಗ್ಗೆ ಎಚ್ಚರ ವಹಿಸಬೇಕು. ಈಗ ಕೆಲವು ಸರ್ಜನ್‌ಗಳು ಈ ನಿಷೇಧಗಳನ್ನು ಸಡಿಲಿಸಿಯೂ ಇದ್ದಾರೆ. ಆದ್ದರಿಂದ ನೆರೆಮನೆಯವರಿಗೆ ಹೇಳಿದ ನಿಯಮ ನಿಮಗೆ ಹೊಂದಬೇಕೆಂದಿಲ್ಲ. ಪತ್ರ ಬರೆದ ಸಹೋದರಿ ಮೊಟ್ಟಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನೇ: ತನಗೆ ಕೊಯ್ದದ್ದು ಯಾವ ಕಡೆಯಿಂದ, ಯಾವ ಚಲನೆಗೆ ಎಷ್ಟು ದಿನದ ತಡೆ ಎಂಬುದನ್ನು. ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ, ಇಲ್ಲದಿದ್ದರೆ ಸರ್ಜನ್ ಬಳಿ ಬರೆಸಿಕೊಳ್ಳಬಹುದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಪಾರನ್ನು ನಮ್ಮ ಮನೆಗೆ ಕರೆತಂದೆ. ಮಂಚದ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು, ಕಮೋಡ್‌ಗೆ ಎತ್ತರದ ಸೀಟು ಹಾಕಿಸಿದೆವು, ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು. ಈಳಿಗೆ ಮಣೆ, ತೆಂಗಿನಕಾಯಿ ತುರಿಯುವ ಮಣೆ ಎರಡನ್ನೂ ಅಟ್ಟಕ್ಕೆ ಏರಿಸಿದೆ. ಅದೆಲ್ಲ ಸರಿಯೇ. ಆದರೆ ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಆಪಾ ಎದ್ದರೆ “ಕೂತ್ಕೊಳ್ಳಿ ಆಪಾ, ನಾನಿದ್ದೀನಿ” ಎನ್ನುತ್ತಿದ್ದೆ. ನೀರು ಕುಳಿತಲ್ಲಿಗೆ, ಊಟ ಕುಳಿತಲ್ಲಿಗೆ. ಮನೆಗೆ ಬಂದು ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ಮೂರನೇ ವಾರಕ್ಕೆ ನಿಲ್ಲಿಸಿಬಿಟ್ಟೆವು. ಹೇಗೂ ನಡೀತಾರಲ್ಲ, ಇನ್ನು ಯಾಕೆ ದುಡ್ಡು ಎಂಬ ಲೆಕ್ಕ. ಆ ವರ್ಷದ ರಮಝಾನ್ ಮಾರ್ಚ್ 24ಕ್ಕೆ ಶುರುವಾಯಿತು. ತಿಂಗಳಿಡೀ ಆಪಾ ಒಂದೇ ಕುರ್ಚಿಯಲ್ಲಿ. ಈದ್ ದಿನ ಬಂದ ಹೆಂಗಸರೆಲ್ಲ “ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯಾ” ಎಂದು ನನ್ನನ್ನು ಹೊಗಳಿದರು. ನಾನೂ ಹಿಗ್ಗಿದೆ.

ಮೇ ತಿಂಗಳಲ್ಲಿ ಆಪಾ ಒಂದು ಸಂಜೆ ಎರಡೂ ತೊಡೆಗಳಿಗೆ ತಮ್ಮ ಹೊಲಿಗೆಯ ಟೇಪು ಸುತ್ತಿ ಅಳತೆ ತೆಗೆದರು. ಎಡತೊಡೆ ಬಲತೊಡೆಗಿಂತ ಒಂದೂವರೆ ಇಂಚು ಸಣ್ಣದಾಗಿತ್ತು. ಸಕ್ಕರೆ 8.6ಕ್ಕೆ ಏರಿತ್ತು. ತೂಕ ಐದು ಕಿಲೋ ಹೆಚ್ಚಾಗಿತ್ತು. ಆಪಾ ಟೇಪನ್ನು ಮಡಚಿ ಇಟ್ಟು, “ನೀನು ನನ್ನನ್ನು ಬಹಳ ಪ್ರೀತಿಯಿಂದ ಕುಂಟಿ ಮಾಡ್ತಾ ಇದ್ದೀಯಾ” ಎಂದರು. ಬೈಗುಳವಾಗಿರಲಿಲ್ಲ. ನಗುತ್ತಲೇ ಹೇಳಿದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಮರುವಾರವೇ ಆಪಾ ತಮ್ಮ ಮನೆಗೆ ಹೊರಟರು. ಜುಲೈಯಲ್ಲಿ ಮತ್ತೆ ಜಿಮ್. ಹಳೆಯ ಟ್ರೈನರ್ ಬಿಟ್ಟುಹೋಗಿ ಹೊಸಬಳು ಬಂದಿದ್ದಳು. ಐದು ತಿಂಗಳಾಯಿತಲ್ಲ ಮೇಡಂ, ಎಲ್ಲ ಕೂಡಿಕೊಂಡಿರುತ್ತದೆ ಎಂದು ಧೈರ್ಯ ಹೇಳಿ ಎರಡನೇ ದಿನವೇ ಹೆಗಲ ಮೇಲೆ ತೂಕ ಇಟ್ಟು ಬಸ್ಕಿ ತೆಗೆಸಿದಳು. ಏಳನೆಯ ಬಸ್ಕಿಗೆ ತೊಡೆಸಂದಿನಲ್ಲಿ ಏನೋ ಸೆಳೆದಂತಾಯಿತು. ಕಾಲು ಮುಂದಿಡಲಾಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆಪಾ ಒಂದು ಮಾತೂ ಆಡಲಿಲ್ಲ, ನನ್ನ ಕೈ ಮಾತ್ರ ಬಿಡಲಿಲ್ಲ. ಕೀಲು ಜಾರಿದ್ದರೆ, ಕಂಬ ಸಡಿಲಾಗಿದ್ದರೆ ಮತ್ತೊಂದು ಆಪರೇಷನ್. ಅದಕ್ಕೆ ಹಣವೂ ಇರಲಿಲ್ಲ, ಮನಸ್ಸಿನಲ್ಲಿ ಬಲವೂ ಇರಲಿಲ್ಲ.

ಅಲ್ಲಾಹನ ಕೃಪೆಯಿಂದ ಎಕ್ಸ್‌ರೇಯಲ್ಲಿ ಕೀಲು ಸ್ವಸ್ಥಾನದಲ್ಲೇ ಇತ್ತು. ಉಳುಕಿದ್ದು ತೊಡೆಯನ್ನು ಮೇಲೆತ್ತುವ ಸ್ನಾಯು. ಸರ್ಜನ್ ಬೈಯುತ್ತಾರೆಂದು ಕಾಯುತ್ತಿದ್ದೆವು. ಅವರು ಜಿಮ್ ಬೇಡವೆಂದು ಹೇಳಲೇ ಇಲ್ಲ. “ಹೋಗಲೇಬೇಕು. ಆದರೆ ನೀವು ಮೆಟ್ಟಿಲು ಬಿಟ್ಟು ಮಹಡಿಗೆ ಹಾರಿದ್ದೀರಿ” ಎಂದರು. ನಾವು ದುಡ್ಡು ಉಳಿಸಲು ನಿಲ್ಲಿಸಿದ್ದ ಫಿಸಿಯೋಥೆರಪಿಸ್ಟ್ ಹತ್ತಿರವೇ ಮತ್ತೆ ಕಳಿಸಿದರು.

ಆ ಹುಡುಗಿ ಆಪಾರನ್ನು ಕನ್ನಡಿಯ ಮುಂದೆ ನಿಲ್ಲಿಸಿ, “ಆಂಟಿ, ಗೋಡೆಗೆ ಒಂದು ಬೆರಳು ತಾಗಿಸಿ, ಎಡಗಾಲಿನ ಮೇಲೆ ಮಾತ್ರ ನಿಲ್ಲಿ” ಎಂದಳು. ಆಪಾ ನಿಂತ ಕೂಡಲೇ ಬಲಗಡೆಯ ಸೊಂಟ ಕೆಳಕ್ಕೆ ಜಗ್ಗಿ, ಇಡೀ ಮೈ ಎಡಕ್ಕೆ ವಾಲಿತು. ನಡೆಯುವಾಗ ಆಪಾ ಯಾಕೆ ಬಾತುಕೋಳಿಯಂತೆ ತೊನೆಯುತ್ತಾರೆ ಎಂಬುದು ಆಗ ಅರ್ಥವಾಯಿತು. ಸೊಂಟದ ಹೊರಬದಿಯಲ್ಲಿರುವ ಸ್ನಾಯುಗಳು ನಾವು ಒಂದು ಕಾಲೆತ್ತಿದಾಗ ಸೊಂಟವನ್ನು ಮಟ್ಟವಾಗಿ ಹಿಡಿದಿಡುತ್ತವೆ. ವರ್ಷವಿಡೀ ನೋವಿನಲ್ಲಿ ಕಾಲೆಳೆದು, ಆಮೇಲೆ ಕುರ್ಚಿಯಲ್ಲಿ ಕುಳಿತು, ಅವು ಸೊರಗಿಹೋಗಿದ್ದವು. ಕೀಲು ಹೊಸದು, ಆದರೆ ಅದನ್ನು ಹಿಡಿದಿರುವ ಮಾಂಸಖಂಡ ಹಳೆಯದೇ. ಸರ್ಜನ್ ಕೀಲು ಕೂರಿಸಬಲ್ಲರು, ಸ್ನಾಯುವನ್ನು ನಾವೇ ಬೆಳೆಸಬೇಕು. ಒಂಟಿ ಕಾಲಿನಲ್ಲಿ ಸೊಂಟ ಜಗ್ಗದೆ ನಿಲ್ಲಲಾಗದವರ ಹೆಗಲ ಮೇಲೆ ತೂಕ ಇಡುವುದೆಂದರೆ, ಕಂಬ ನೆಡುವ ಮೊದಲೇ ಮಾಡಿಗೆ ಹೆಂಚು ಹೊದೆಸಿದ ಹಾಗೆ.

ಒಂದು ಲೆಕ್ಕವನ್ನೂ ಆಕೆ ಹೇಳಿದಳು. ಸುಮ್ಮನೆ ನಡೆಯುವಾಗಲೇ ಸೊಂಟದ ಕೀಲಿನ ಮೇಲೆ ನಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಎಡವಿದರೆ ಆ ಕ್ಷಣಕ್ಕೆ ಏಳೆಂಟು ಪಟ್ಟು. ಕೃತಕ ಕೀಲಿನೊಳಗೆ ಅಳೆಯುವ ಉಪಕರಣ ಇಟ್ಟು ಜರ್ಮನಿಯಲ್ಲಿ ಕಂಡುಕೊಂಡ ಸಂಗತಿ ಇದು. ಅರವತ್ತೆಂಟು ಕಿಲೋ ತೂಕದ ಆಪಾ ಎಡವಿದರೆ ಆ ಕೀಲಿಗೆ ಅರ್ಧ ಟನ್! ಆವತ್ತೇ ನಾನು ಅವರ ಬುರ್ಖಾದ ಅಂಚನ್ನು ಎರಡು ಇಂಚು ಮೇಲಕ್ಕೆ ಮಡಚಿ ಹೊಲಿದೆ. ಹೊಲಿಗೆ ಸೊಟ್ಟಗಿದೆ ಎಂದು ಆಪಾ ಬಿಚ್ಚಿ ಮತ್ತೆ ಹೊಲಿದುಕೊಂಡರು, ಆ ಮಾತು ಬೇರೆ. ಬುರ್ಖಾ, ದುಪಟ್ಟಾ, ನೆಲ ಗುಡಿಸುವ ಸಲ್ವಾರ್ ಇವುಗಳ ತುದಿ ಟ್ರೆಡ್‌ಮಿಲ್ಲಿನ ಪಟ್ಟಿಗೆ ಸಿಕ್ಕಿದರೆ ಏನಾಗಬಹುದೆಂದು ಹೇಳಬೇಕಿಲ್ಲ. ಮಹಿಳೆಯರಷ್ಟೇ ಇರುವ ಹೊತ್ತಿನಲ್ಲಿ ಕಣಕಾಲಿನವರೆಗಿನ ಬಿಗಿಯಂಚಿನ ಪೈಜಾಮ, ಹಿಂಬದಿ ಮುಚ್ಚಿದ ಶೂ ಸಾಕು. ಶೂ ಬಗ್ಗಿ ಕಟ್ಟುವಂಥದ್ದಾಗಿರಬಾರದು.

ಮೆಟ್ಟಿಲುಗಳಂತೆ ಏರಿದ್ದು ಹೀಗೆ. ಮೊದಲ ಆರು ವಾರ ಮನೆಯಲ್ಲೇ. ನೇರ ಮಲಗಿ ತೊಡೆಯ ಮತ್ತು ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು. ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಎತ್ತುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮಂಡಿ ಮಡಚಿ ಮಲಗಿ ಸೊಂಟವನ್ನು ಸೇತುವೆಯಂತೆ ಮೇಲೆತ್ತುವುದು. ಆಪಾರ ಆಪರೇಷನ್ ಆಗಿ ಐದು ತಿಂಗಳು ದಾಟಿದ್ದರೂ ಅವರು ಈ ಮೊದಲ ಮೆಟ್ಟಿಲಿನಿಂದಲೇ ಹೊರಡಬೇಕಾಯಿತು. ಕ್ಯಾಲೆಂಡರ್ ನೋಡಿ ತೂಕ ಎತ್ತಬಾರದು, ಕಾಲು ಏನು ಹೇಳುತ್ತದೆ ನೋಡಿ ಎತ್ತಬೇಕು ಎಂಬುದನ್ನು ನಾವು ಕಲಿತದ್ದು ಇಲ್ಲಿ.

ಊರುಗೋಲಿನ ವಿಷಯದಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಎಡಗಾಲಿಗೆ ಆಪರೇಷನ್ ಆಗಿದ್ದರೆ ಕೋಲು ಹಿಡಿಯಬೇಕಾದದ್ದು ಬಲಗೈಯಲ್ಲಿ. ಆಗಲೇ ಎಡಗಡೆಯ ಸ್ನಾಯುಗಳ ಹೊರೆ ಇಳಿಯುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. “ಒಳ್ಳೆಯವರು ಮೇಲಕ್ಕೆ, ಕೆಟ್ಟವರು ಕೆಳಕ್ಕೆ” ಎಂದು ಆಪಾ ಮಂತ್ರದಂತೆ ಹೇಳಿಕೊಂಡು ಮಹಡಿ ಹತ್ತುತ್ತಿದ್ದುದನ್ನು ಕೇಳಿ, ಕೆಳಮನೆಯ ಮಕ್ಕಳೂ ಅದನ್ನೇ ಹೇಳಿಕೊಂಡು ಕುಣಿಯುತ್ತಿದ್ದವು.

ಜಿಮ್‌ನಲ್ಲಿ ಮೊದಲು ಹತ್ತಿದ್ದು ನಿಂತಲ್ಲೇ ತುಳಿಯುವ ಸೈಕಲ್. ಸಾಮಾನ್ಯವಾಗಿ ಗಾಯ ಮಾಗಿ, ಆರು ವಾರದ ತಪಾಸಣೆಯಲ್ಲಿ ಸರ್ಜನ್ ಒಪ್ಪಿದ ಮೇಲೆ ಇದನ್ನು ಶುರು ಮಾಡಬಹುದು. ಸೀಟು ಎತ್ತರವಿರಬೇಕು. ಪೆಡಲ್ ಮೇಲೆ ಬಂದಾಗಲೂ ಮಂಡಿ ಸೊಂಟಕ್ಕಿಂತ ಕೆಳಗೇ ಇರಬೇಕು. ಹ್ಯಾಂಡಲ್ ಮೇಲೆ ಬಗ್ಗಬಾರದು. ಐದು ನಿಮಿಷದಿಂದ ಆರಂಭಿಸಿ, ವಾರಕ್ಕೆ ಎರಡು ಮೂರು ನಿಮಿಷ ಹೆಚ್ಚಿಸಿಕೊಂಡು ಹೋದರು. ಟ್ರೆಡ್‌ಮಿಲ್ಲಿನಲ್ಲಿ ಏರು ಕೊಡದೆ ನಿಧಾನ ನಡಿಗೆ, ಓಟವಿಲ್ಲ. ಕೈ, ಹೆಗಲಿನ ವ್ಯಾಯಾಮಗಳನ್ನು ಎತ್ತರದ ಬೆಂಚಿನಲ್ಲಿ ಕುಳಿತು ಮಾಡಬಹುದು, ಆದರೆ ನೆಲದ ಮೇಲಿನ ಡಂಬಲ್ ಎತ್ತಲು ಬಗ್ಗುವುದೇ ತೊಂದರೆ. ಅದನ್ನು ಬೇರೆಯವರು ಕೈಗೆ ಕೊಡಬೇಕು. ಆಪಾಗೆ ಒಬ್ಬ ಕ್ರೈಸ್ತ ಟೀಚರ್ ಜೊತೆಗಾರ್ತಿಯಾಗಿ ಸಿಕ್ಕಿದರು. ಇವರ ಡಂಬಲ್ ಅವರು ಎತ್ತಿಕೊಡುವುದು, ಅವರ ರವಿಕೆ ಇವರು ಹೊಲಿದುಕೊಡುವುದು.

ಕಾಲಿಗೆ ತೂಕ ಕೊಡುವ ಯಂತ್ರಗಳು ಮೂರು ತಿಂಗಳಿಗೆ ಮೊದಲು ಬೇಡ. ಸಿಮೆಂಟ್ ಹಾಕದೆ ಕೂರಿಸಿದ ಕೀಲಾದರೆ, ಅದರ ಒರಟು ಮೈಗೆ ನಮ್ಮ ಮೂಳೆ ಬೆಳೆದು ಹಿಡಿದುಕೊಳ್ಳಬೇಕು. ಆ ಕೆಲಸಕ್ಕೆ ತಿಂಗಳುಗಳೇ ಬೇಕು. ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್ ಯಂತ್ರದಲ್ಲಿ ಕೂರುವವರು ಆಸನವನ್ನು ಹಿಂದಕ್ಕೆ ಸರಿಸಿ, ಮಂಡಿ ಎದೆಯ ಹತ್ತಿರ ಬಾರದ ಹಾಗೆ ನಿಲುಗಡೆ ಹಾಕಿಸಿಕೊಳ್ಳಬೇಕು. ದೋಣಿ ಹುಟ್ಟು ಹಾಕುವಂಥ ಯಂತ್ರದಲ್ಲಿ ಪ್ರತಿ ಸಲವೂ ಮಂಡಿ ಎದೆಗೆ ಬರುತ್ತದೆ, ಆದ್ದರಿಂದ ಸರ್ಜನ್ ಸ್ಪಷ್ಟವಾಗಿ ಒಪ್ಪುವವರೆಗೆ ಅದರ ಹತ್ತಿರ ಹೋಗುವುದು ಬೇಡ. ಎರಡು ತೊಡೆಗಳನ್ನು ಒಳಕ್ಕೆ ಒತ್ತುವ ಯಂತ್ರಕ್ಕೂ ಇದೇ ಮಾತು. ಆಳವಾದ ಬಸ್ಕಿ, ಸ್ಕಿಪ್ಪಿಂಗ್, ಜಿಗಿತ, ಗಿರಕಿ ಹೊಡೆಯುವ ಝುಂಬಾ ನೃತ್ಯ, ಪದ್ಮಾಸನ ಇವನ್ನು ಆಪಾ ಬಿಟ್ಟೇಬಿಟ್ಟರು. ಸೊಂಟದ ಹೊರಬದಿಗೆ ರಬ್ಬರ್ ಪಟ್ಟಿ ಕಟ್ಟಿ ಕಾಲನ್ನು ಪಕ್ಕಕ್ಕೆ ಎಳೆಯುವ ವ್ಯಾಯಾಮ, ನಾಲ್ಕು ಇಂಚಿನ ಹಲಗೆ ಹತ್ತಿ ಇಳಿಯುವುದು, ಇವೆರಡನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನೋಡುವವರಿಗೆ ಇದು ವ್ಯಾಯಾಮವೆಂದೇ ಅನಿಸದು. ಆದರೆ ಬಾತುಕೋಳಿ ನಡಿಗೆಯನ್ನು ಬಿಡಿಸಿದ್ದು ಇವೇ.

ನೋವಿನ ಬಗ್ಗೆ ಆ ಹುಡುಗಿಯ ಸೂತ್ರ ಸರಳ. ಸ್ನಾಯು ದಣಿದ ನೋವು ಮರುದಿನ ಬೆಳಗಾಗುವಷ್ಟರಲ್ಲಿ ತಗ್ಗಿದರೆ ಚಿಂತೆಯಿಲ್ಲ. ತಗ್ಗದಿದ್ದರೆ ಮುಂದಿನ ಸಲ ಅರ್ಧಕ್ಕೆ ಇಳಿಸಬೇಕು. ತೊಡೆಸಂದಿನಲ್ಲಿ ಚುಚ್ಚಿದಂತಾದರೆ ಆ ಕ್ಷಣವೇ ನಿಲ್ಲಿಸಬೇಕು. ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವಂತೆಯೇ ಇಲ್ಲ. ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು ಅಥವಾ ಎದೆ ನೋವು, ಜ್ವರದೊಂದಿಗೆ ಗಾಯದಲ್ಲಿ ಕೆಂಪು ಅಥವಾ ಸೋರಿಕೆ, ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ತಿರುಚಿಕೊಂಡು ಊರಲಾಗದಿರುವುದು, ಇವುಗಳಲ್ಲಿ ಯಾವುದೇ ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸೋಂಕಿನ ಭಯ ಹೆಚ್ಚು.

ಜಿಮ್‌ಗಿಂತ ದೊಡ್ಡ ಅಪಾಯ ಮನೆಯಲ್ಲಿರುತ್ತದೆಂದು ನಾವು ಎಣಿಸಿರಲಿಲ್ಲ. ವುಝೂ ಮಾಡುವಾಗ ಪಾದ ತೊಳೆಯಲು ಬಗ್ಗುವುದು, ಅಥವಾ ಕಾಲನ್ನು ಎತ್ತಿ ಬೇಸಿನ್ ಮೇಲಿಡುವುದು, ಎರಡೂ 90 ಡಿಗ್ರಿಯ ಗೆರೆ ದಾಟುತ್ತವೆ. ಮೊದಲ ಮೂರು ತಿಂಗಳು ಆಪಾ ಎತ್ತರದ ಸ್ಟೂಲಿನಲ್ಲಿ ಕಾಲು ಮುಂದೆ ಚಾಚಿ ಕೂರುತ್ತಿದ್ದರು, ನಾನೋ ಮಗಳೋ ಪಾದ ತೊಳೆಯುತ್ತಿದ್ದೆವು. ಸುಜೂದ್ ಅಂತೂ ಪೂರ್ತಿ ಮಡಚಿಕೊಳ್ಳುವ ಭಂಗಿ. ಕುರ್ಚಿಯಲ್ಲಿ ನಮಾಝ್ ಮಾಡುವವರು ಸುಜೂದ್‌ಗೆಂದು ಮಂಡಿಯವರೆಗೆ ತಲೆ ಬಗ್ಗಿಸಿಬಿಡುತ್ತಾರೆ. ಕೀಲಿಗೆ ಅದೂ ನೆಲದ ಸುಜೂದ್‌ನಷ್ಟೇ ಅಪಾಯ. ರುಕೂಗಿಂತ ತುಸು ಹೆಚ್ಚು ತಲೆ ಬಾಗಿಸಿ ಸನ್ನೆ ಮಾಡಿದರೆ ಸಾಕು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅನುಮತಿಸಿದ್ದನ್ನು ನಾನು ಮದ್ರಸದಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೆ. ಆದರೂ ಆಪಾ ಕುರ್ಚಿಯಲ್ಲಿ ಕುಳಿತು ಅಳುತ್ತಿದ್ದಾಗ ಅದನ್ನು ಅವರಿಗೆ ನೆನಪಿಸಲು ನನಗೆ ಒಂದು ವಾರ ಹಿಡಿಯಿತು. ಮುಂದೆ ನೆಲದ ಮೇಲೆ ಸುಜೂದ್ ಮಾಡಬಹುದೋ ಇಲ್ಲವೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಕೀಲು ತಡೆಯುತ್ತದೆಯೇ ಎಂದು ಸರ್ಜನ್ ಹೇಳಲಿ, ಆ ಉತ್ತರ ಹಿಡಿದುಕೊಂಡು ಆಲಿಂ ಬಳಿ ಹೋಗಿ.

ಸವೆಯುವ ವಿಷಯ ಉಳಿಯಿತು. ಸಹೋದರಿಯ ಪತಿಗೆ ಇರುವ ಭಯ ಸುಳ್ಳಲ್ಲ. ಆದರೆ ಅಷ್ಟೊಂದು ದೊಡ್ಡದೂ ಅಲ್ಲ. ಕೀಲು ಜೋಡಣೆಯ ದಾಖಲೆಗಳನ್ನು ಸೇರಿಸಿ 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ, ನೂರರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳಿವೆ. ಅವೆಲ್ಲ ಹಳೆಯ ಕಾಲದ ಕೀಲುಗಳು. ಈಗಿನ ಪ್ಲಾಸ್ಟಿಕ್ ಪದರ ಇನ್ನೂ ನಿಧಾನವಾಗಿ ಸವೆಯುತ್ತದೆ. ನಡಿಗೆ, ಸೈಕಲ್, ಈಜು, ಹಿತಮಿತವಾದ ತೂಕ ಇವನ್ನು ವೈದ್ಯರೇ ಹೇಳುತ್ತಾರೆ. ಹೆಚ್ಚಿದ ತೂಕ ಮತ್ತು ಬೀಳುವಿಕೆ ಕೀಲಿಗೆ ಹೊರೆ. ಎರಡನ್ನೂ ಕುರ್ಚಿಯೇ ತಂದಿಡುತ್ತದೆ. ಆಪಾರ ಮಗ ಮಾತ್ರ ಟೆನಿಸ್ ಆಟಗಾರ ಆಂಡಿ ಮರ್ರೆಯ ಕಥೆ ಹೇಳಿ ಅಮ್ಮಿಯನ್ನು ಹುರಿದುಂಬಿಸುತ್ತಿದ್ದ. 2019ರ ಜನವರಿಯಲ್ಲಿ ಸೊಂಟಕ್ಕೆ ಲೋಹ ಹಾಕಿಸಿಕೊಂಡು, ಅದೇ ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಪ್ರಶಸ್ತಿ ಗೆದ್ದರಂತೆ. ನಿಜವೇ. ಆದರೆ ಅವರಿಗೆ ಮಾಡಿದ್ದು ಗುಂಡನ್ನು ಕತ್ತರಿಸದೆ ಮೇಲೆ ಲೋಹದ ಟೊಪ್ಪಿ ಹಾಕುವ ಬೇರೆ ಬಗೆಯ ಶಸ್ತ್ರಚಿಕಿತ್ಸೆ. ಜೊತೆಗೆ ಇಡೀ ದಿನ ಅದೇ ಕೆಲಸ, ಹಿಂದೆ ಮುಂದೆ ತರಬೇತುದಾರರು. ಆಪಾ ಉತ್ತರ ಇದಕ್ಕಿಂತ ಚೆನ್ನಾಗಿತ್ತು: “ಅವನಿಗೆ ಶಾದಿ ಸೀಸನ್‌ನಲ್ಲಿ ನಲವತ್ತು ಬ್ಲೌಸ್ ಹೊಲಿಯೋಕೆ ಹೇಳು, ನೋಡೋಣ.”

2023ರ ಡಿಸೆಂಬರ್‌ನಲ್ಲಿ ಆಪಾ ಕನ್ನಡಿಯ ಮುಂದೆ ಎಡಗಾಲಿನ ಮೇಲೆ ಮೂವತ್ತು ಎಣಿಸುವವರೆಗೆ ನಿಂತರು, ಸೊಂಟ ಜಗ್ಗಲಿಲ್ಲ. ಆ ದಿನವೇ ಫಿಸಿಯೋಥೆರಪಿಸ್ಟ್ ಲೆಗ್ ಪ್ರೆಸ್‌ಗೆ ಒಪ್ಪಿಗೆ ಕೊಟ್ಟದ್ದು. ಮುಂದಿನ ಮಾರ್ಚ್‌ಗೆ ಸಕ್ಕರೆ 7ಕ್ಕೆ ಇಳಿಯಿತು. ತೊಡೆಗಳ ಅಳತೆಯಲ್ಲಿ ಇನ್ನೂ ಕಾಲಿಂಚು ವ್ಯತ್ಯಾಸ ಇದೆ. ಟೇಪು ನನ್ನ ಕೈಗೆ ಕೊಡುವುದಿಲ್ಲ, ಅವರೇ ಅಳೆಯುತ್ತಾರೆ.

ಪತ್ರ ಬರೆದ ಸಹೋದರಿಯವರೇ, ನಿಮಗೀಗ ನಾಲ್ಕು ತಿಂಗಳು. ನಿಮ್ಮ ಪತ್ರವನ್ನು ಆಪಾಗೆ ಓದಿ ಹೇಳಿದೆ. ಜಿಮ್‌ಗೆ ಹಣ ಕಟ್ಟುವ ಮೊದಲು ಆ ಹಣದಲ್ಲಿ ನಾಲ್ಕು ಸಲ ಫಿಸಿಯೋಥೆರಪಿಗೆ ಹೋಗಿ ಬರಲಿ ಎಂದರು. ಅತ್ತೆಯವರನ್ನೂ ಪತಿಯನ್ನೂ ಒಮ್ಮೆ ಜೊತೆಗೆ ಕರೆದೊಯ್ಯಿರಿ, ನಾವು ಹೇಳಿದ್ದನ್ನು ನಂಬದವರು ಡಾಕ್ಟರರ ಬಾಯಿಂದ ಕೇಳಿದರೆ ನಂಬುತ್ತಾರೆ. ಡಿಸ್ಚಾರ್ಜ್ ಕಾಗದದ ನಕಲನ್ನು ಟ್ರೈನರ್ ಕೈಗೆ ಕೊಡಿ, ಕೊಯ್ದದ್ದು ಯಾವ ಕಡೆಯಿಂದ ಎಂದು ಆಕೆಗೆ ಅರ್ಥವಾಗದಿದ್ದರೆ ಬೇರೆ ಜಿಮ್ ನೋಡಿ. ಇನ್ನೊಂದನ್ನು ಬರೆಯಲೇಬೇಕೆಂದು ಆಪಾ ಒತ್ತಿ ಹೇಳಿದ್ದಾರೆ. ಸೈಕಲ್ ಸೀಟಿನ ಕಂಬದಲ್ಲಿ ರಂಧ್ರಗಳಿರುತ್ತವೆ, ಪಕ್ಕದಲ್ಲಿ ಸಂಖ್ಯೆ. ನಿಮ್ಮದು ಎಷ್ಟೆಂದು ಬರೆದಿಟ್ಟುಕೊಳ್ಳಿ. ನಿಮಗಿಂತ ಮೊದಲು ತುಳಿದು ಹೋದವಳು ಕುಳ್ಳಿಯಾಗಿದ್ದರೆ ಸೀಟು ಕೆಳಗಿಳಿದಿರುತ್ತದೆ, ಹತ್ತಿದ ಮೇಲೆಯೇ ಅದು ಗೊತ್ತಾಗುವುದು.